ನಿಂತು ಹೊಡೆಯುವುದೋ, ಮೂರೂ ಭಂಗಿಯೋ? ರೈಫಲ್ ಕಲಿಯುವ ಬೆಂಗಳೂರಿಗರಿಗೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಹಾಗಾಗಿ ಬೆಂಗಳೂರಿನಲ್ಲಿ ರೈಫಲ್ ಹಿಡಿಯಬೇಕೆನ್ನುವವರಿಗೆ ಇರುವುದು ಶೂಟಿಂಗ್ ರೇಂಜ್. ಅಲ್ಲಿ ಏನು ಆರಿಸಿಕೊಳ್ಳುವುದು: 10 ಮೀಟರ್ ದೂರದ ಗುರಿಗೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್ಲೋ, 50 ಮೀಟರ್ ದೂರದ ಗುರಿಗೆ ಮೂರು ಭಂಗಿಯಲ್ಲಿ ಹೊಡೆಯುವುದೋ?

ಏರ್ ರೈಫಲ್‌ನಲ್ಲಿ 60 ಹೊಡೆತವೂ ನಿಂತೇ. ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಗಲ. ತೋಳ್ಬಲದಿಂದ ರೈಫಲ್ ಎತ್ತಿ ಹಿಡಿದರೆ ಬೇಗ ನಡುಕ ಶುರುವಾಗುತ್ತದೆ. ಬಲಗೈಯವರು ಎಡ ಮೊಣಕೈಯನ್ನು ಸೊಂಟಕ್ಕೆ ಊರಿ, ಭಾರವನ್ನು ಮೂಳೆಗಳಿಗೆ ಬಿಡಬೇಕು. ಆಮೇಲೆ ಕಣ್ಣು ಮುಚ್ಚಿ, ಉಸಿರು ಬಿಟ್ಟು, ಕಣ್ಣು ತೆರೆಯಿರಿ. ನಳಿಗೆ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆಯಬೇಡಿ, ಪಾದ ಸರಿಸಿ. ನನ್ನ ಪ್ರಕಾರ ಇಡೀ ವಿದ್ಯೆಯ ಅರ್ಧ ಇಲ್ಲೇ ಇದೆ.

50 ಮೀಟರ್‌ನಲ್ಲಿ ಮಂಡಿಯೂರಿ, ಮಲಗಿ, ನಿಂತು ತಲಾ 20 ಹೊಡೆತ. ಮಲಗಿದಾಗ ನೆಲ ಮತ್ತು ತೋಳಿನ ಪಟ್ಟಿ ಭಾರ ಹೊರುತ್ತವೆ, ಅದೇ ಸುಲಭ. ಮಂಡಿಯೂರುವುದು ಹಿಮ್ಮಡಿಗೆ, ಬೆನ್ನಿಗೆ ಪರೀಕ್ಷೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ಮೂರು ಭಂಗಿಯ ಸ್ಪರ್ಧೆಯಲ್ಲೇ.

50 ಮೀಟರ್‌ಗೆ ಬೇಕಾದ ಪಾಯಿಂಟ್ ಟೂ ಟೂ (ನಳಿಗೆಯ ಒಳ ಅಗಲ 0.22 ಇಂಚು) ರೈಫಲ್ ಕೊಳ್ಳಲು ಲೈಸೆನ್ಸ್ ಬೇಕು, ಗುಂಡಿನ ಖರ್ಚೂ ಹೆಚ್ಚು. ನಳಿಗೆ ಪಾಯಿಂಟ್ ಒನ್ ಸೆವೆನ್ ಸೆವೆನ್ ಇಂಚು ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ.

ಆಫೀಸು, ಟ್ರಾಫಿಕ್ಕಿನ ನಡುವೆ ಕಲಿಯುವವರು ಏರ್ ರೈಫಲ್‌ನಿಂದಲೇ ಶುರುಮಾಡಲಿ. ಕೊಡವರ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೊಡಗಿಗೆ ಹೋಗಿ ತೆಂಗಿನಕಾಯಿಗೆ ಗುರಿಯಿಡುವ ಆಸೆ ಇರುವವರಿಗೂ ಒದಗುವುದು ನಿಂತ ಭಂಗಿಯೇ.