ಜಿಆರ್ 20 ಹೊರಟವರೇ, ವೋಚರಿನಲ್ಲಿ ‘ಬಿವುವಾಕ್’ ಅಂತಿದ್ದರೆ ಅಲ್ಲೇ ನಿಲ್ಲಿ

ಇದು 2022ರ ಜೂನ್‌ನಲ್ಲಿ, ಕಾರ್ಸಿಕಾ ದ್ವೀಪದ ಜಿಆರ್ 20 ಅನ್ನುವ ಬೆಟ್ಟದ ಟ್ರೆಕ್ ದಾರಿಯಲ್ಲಿ ಆದದ್ದು. ಇಷ್ಟು ದಿನ ಬರೆಯದೆ ಇದ್ದದ್ದು ನಾಚಿಕೆಯಿಂದ. ಹನ್ನೆರಡು ವರ್ಷದಿಂದ ಬೆಟ್ಟ ಹತ್ತುತ್ತಿದ್ದವಳು, ಹೊಸಬರಿಗೆ ಬುದ್ಧಿ ಬೇರೆ ಹೇಳುತ್ತಿದ್ದವಳು, ಅಂಥ ನಾನೇ ಒಂದೇ ಒಂದು ಪದ ಓದದೆ ಕೆಟ್ಟೆ ಅಂತ ಹೇಳಿಕೊಳ್ಳೋಕೆ ಯಾರಿಗೆ ಇಷ್ಟ? ಆದರೆ ಮೊನ್ನೆ, ಆಗ ನಮಗೆ ಬುಕಿಂಗ್ ಮಾಡಿಕೊಟ್ಟಿದ್ದ ಅದೇ ಏಜೆಂಟಿನಿಂದ ಮೆಸೇಜ್ ಬಂತು. ‘ಮೇಡಂ, ಕಾರ್ಸಿಕಾ ಜಿಆರ್ 20, ಈ ಸೀಸನ್‌ಗೆ ಕೆಲವೇ ಸೀಟ್ ಉಳಿದಿವೆ, ಫ್ರೆಂಡ್ಸ್‌ಗೂ ತಿಳಿಸಿ.’

ತಿಳಿಸುತ್ತಿದ್ದೇನೆ. ಎಲ್ಲರಿಗೂ ತಿಳಿಸುತ್ತಿದ್ದೇನೆ.

ಈ ದಾರಿ ಗೊತ್ತಿರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದಲ್ಲಿ, ಉತ್ತರದ ಕಾಲೆಂಝಾನಾ ಊರಿನಿಂದ ದಕ್ಷಿಣದ ಕೊಂಕಾವರೆಗೆ ಸುಮಾರು 180 ಕಿ.ಮೀ. ಒಟ್ಟು 16 ಹಂತ. ದಿನಕ್ಕೊಂದು ಹಂತ, ಸಂಜೆಗೊಂದು ಹಟ್. ಅಲ್ಲಿ ಅದಕ್ಕೆ ರೆಫ್ಯೂಜ್ ಅನ್ನುತ್ತಾರೆ. ಬಹುಪಾಲು ಹಟ್‌ಗಳನ್ನು ನಡೆಸುವುದು ಅಲ್ಲಿನ ಪ್ರಾದೇಶಿಕ ನಿಸರ್ಗ ಪಾರ್ಕ್. ಕೆಂಪು-ಬಿಳಿ ಪಟ್ಟಿ ನೋಡಿಕೊಂಡು ಬಂಡೆಯಿಂದ ಬಂಡೆಗೆ ಹೋಗೋದು, ಎಷ್ಟೋ ಕಡೆ ಕಾಲಿನ ಜೊತೆ ಕೈಯೂ ಬೇಕು. ಮುಖ್ಯವಾದ ಮಾತು ಇದು: ದಾರಿಯಲ್ಲಿ ಎಲ್ಲೆಂದರಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಹಟ್ ಪಕ್ಕದ ಜಾಗದಲ್ಲಿ ಮಾತ್ರ. ಅಂದರೆ ಹಟ್‌ನಲ್ಲಿ ನಿಮ್ಮ ಲೆಕ್ಕ ತಪ್ಪಿದರೆ ಆ ರಾತ್ರಿಯೇ ತಪ್ಪಿತು.

ಈಗ ಬುಕಿಂಗ್ ವಿಷಯ. ಪಾರ್ಕಿನವರ ಹತ್ತಿರ ಮೂರು ಥರ ಸಿಗುತ್ತೆ. ಹಟ್ ಒಳಗೆ ಹಾಸಿಗೆ. ಹಟ್ ಹೊರಗೆ ಅವರೇ ಹಾಕಿಟ್ಟಿರುವ ಬಾಡಿಗೆ ಟೆಂಟ್. ಮೂರನೆಯದು ಬಿವುವಾಕ್. ಬಿವುವಾಕ್ ಅಂದರೆ ಬರೀ ನೆಲ. ಟೆಂಟ್ ನೀವೇ ಹೊತ್ತು ತರಬೇಕು. ಎಲ್ಲಕ್ಕಿಂತ ಅಗ್ಗ ಅದೇ. ಇದು ಈಗ ಬಾಯಿಪಾಠ ಆಗಿದೆ. ಆಗ ಗೊತ್ತಿರಲಿಲ್ಲವಾ? ಗೊತ್ತಿತ್ತು! ಅದೇ ಹೊಟ್ಟೆ ಉರಿಯುವುದು. ಪದ ಗೊತ್ತಿತ್ತು, ವೋಚರಿನಲ್ಲಿ ಓದಲಿಲ್ಲ.

ನನ್ನ ತಮ್ಮ ಮೊದಲೇ ಹೇಳಿದ್ದ. ‘ಅಕ್ಕ, ಪಾರ್ಕ್ ಸೈಟಲ್ಲೇ ಮಾಡೋಣ, ಮಧ್ಯದಲ್ಲಿ ಇವರೆಲ್ಲ ಯಾಕೆ?’ ಹದಿನೈದು ರಾತ್ರಿ, ಒಂದೊಂದೂ ಬೇರೆ ಬೇರೆ, ಒಂದು ದಿನ ಸಿಗದಿದ್ದರೆ ಹಿಂದಿನದು ಮುಂದಿನದು ಎಲ್ಲ ಬದಲಾಯಿಸಬೇಕು, ಯಾರಿಗೆ ಬೇಕು ಆ ತಲೆನೋವು ಅಂದೆ ನಾನು. ಏಜೆಂಟ್ ಇಬ್ಬರಿಗೆ 1,840 ಯೂರೋ ಅಂದ. ಗೈಡ್ ಇಲ್ಲ, ಬರೀ ಬುಕಿಂಗ್ ಮತ್ತು ನಕ್ಷೆ. ಜಾಸ್ತಿಯೇ. ನೆಮ್ಮದಿಗೆ ಅಂತ ಕೊಟ್ಟೆ. ಹಣ ಹೋಗುವವರೆಗೆ ದಿನಕ್ಕೆರಡು ಫೋನ್, ಹೋದ ಮೇಲೆ ಬರೀ ಥಂಬ್ಸ್-ಅಪ್. ಅದು ನಿಮಗೂ ಗೊತ್ತಿರುವ ಕಥೆ.

‘ಹಾಸಿಗೆ ಕನ್ಫರ್ಮ್ ಅಲ್ವಾ?’ ಅಂತ ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಅವನು ಹೇಳಿದ್ದು, ‘ಹಟ್ ಕನ್ಫರ್ಮ್ ಮೇಡಂ.’ ಈಗ ಆ ಮೆಸೇಜ್ ಮತ್ತೆ ಮತ್ತೆ ತೆಗೆದು ಓದುತ್ತೇನೆ. ನಾನು ಕೇಳಿದ್ದು ಹಾಸಿಗೆ. ಅವನು ಹೇಳಿದ್ದು ಹಟ್. ಒಂದು ಸಲವೂ, ಒಂದೇ ಒಂದು ಸಲವೂ ಅವನ ಕೈಯಲ್ಲಿ ಹಾಸಿಗೆ ಅನ್ನುವ ಪದ ಬಂದಿಲ್ಲ.

ಹೊರಡುವ ಹಿಂದಿನ ರಾತ್ರಿ ತಮ್ಮ ಚೀಲ ಕಟ್ಟುತ್ತಾ ಕೇಳಿದ. ‘ಸ್ನೇಹಿತನ ಹತ್ತಿರ ಒಂದು ಟೆಂಟ್ ಇದೆ, ಇಸ್ಕೊಂಡು ಬರ್ಲಾ? ಒಂದೂವರೆ ಕೆಜಿ ಅಷ್ಟೇ.’ ‘ಬೇಡ ಕಣೋ, ಹಾಸಿಗೆಗೇ ದುಡ್ಡು ಕೊಟ್ಟಿದ್ದೀವಲ್ಲ, ಸುಮ್ನೆ ಯಾಕೆ ಹೊರೋದು?’ ಅಂದೆ. ಹೀಗೇ ಅಂದೆ. ಇದೇ ಮಾತು.

ಮೊದಲ ದಿನವೇ 1,300 ಮೀಟರಿಗೂ ಜಾಸ್ತಿ ಏರಿಕೆ. ಕಾಲೆಂಝಾನಾ ಬಿಟ್ಟ ಮೇಲೆ ಬಿಸಿಲು ನೆತ್ತಿ ಸುಡುತ್ತೆ, ನೀರು ಪೂರ್ತಿ ಹೊತ್ತೇ ಹೋಗಬೇಕು. ಏಳೂವರೆ ಗಂಟೆ ಹಿಡಿಯಿತು. ಮೊದಲ ಹಟ್ ಇರಬೇಕಾದ ಓರ್ಟು ದಿ ಉ ಪಿಯೊಬ್ಬು ತಲುಪಿದಾಗ ಸಂಜೆ ನಾಲ್ಕೂವರೆ. ಅಲ್ಲಿ ನೋಡಿದರೆ ಹಟ್ಟೇ ಇಲ್ಲ. ಸುಟ್ಟುಹೋದ ಕಟ್ಟಡದ ಜಾಗ, ಸುತ್ತ ಸಾಲುಸಾಲು ಟೆಂಟ್. ಅದು 2019ರಲ್ಲೇ ಬೆಂಕಿಗೆ ಹೋಗಿದೆಯಂತೆ. ಮೂರು ವರ್ಷದ ಹಿಂದೆ! ನಮ್ಮ ಐಟಿನರಿಯಲ್ಲಿ ‘ದಿನ 1: ಸಾಂಪ್ರದಾಯಿಕ ಕಲ್ಲಿನ ಹಟ್‌ನಲ್ಲಿ ವಾಸ್ತವ್ಯ’ ಅಂತ ಫೋಟೋ ಸಮೇತ ಇತ್ತು.

ಸರಿ, ಹಾಸಿಗೆ ಬದಲು ಬಾಡಿಗೆ ಟೆಂಟ್ ಕೊಡುತ್ತಾರೇನೋ ಅಂದುಕೊಂಡು ಸಾಲಿನಲ್ಲಿ ನಿಂತೆವು. ಉಸ್ತುವಾರಿ ನೋಡಿಕೊಳ್ಳುವ ಹೆಂಗಸು ಕಾಗದದ ಪಟ್ಟಿ ಇಟ್ಟುಕೊಂಡು ಕೂತಿದ್ದರು. ವೋಚರ್ ಕೊಟ್ಟೆ. ಬೆರಳು ಪಟ್ಟಿಯ ಮೇಲಿನಿಂದ ಕೆಳಗೆ ಜಾರಿತು. ಟೆಂಟ್ ಸಾಲಿನಲ್ಲಿ ಇಲ್ಲ. ಹಾಳೆ ತಿರುಗಿಸಿದರು. ಅಲ್ಲಿ ಒಂದು ಕಡೆ ಬೆರಳು ನಿಂತಿತು. ನಮ್ಮ ಹೆಸರು ಇತ್ತು. ಆಹಾ, ಇದೆ ಅಂತ ನಾನು ತಮ್ಮನ ಕಡೆ ತಿರುಗಿ ನಗೋಷ್ಟರಲ್ಲಿ ಅವರು ತಲೆ ಎತ್ತಿ ನನ್ನ ಮುಖ ನೋಡಲಿಲ್ಲ, ಬೆನ್ನಿನ ಚೀಲ ನೋಡಿದರು. ಆಮೇಲೆ ತಮ್ಮನ ಚೀಲ. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು, ‘ನಿಮ್ಮ ಟೆಂಟ್ ಎಲ್ಲಿ?’

ಆ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ. ಹಿಂದೆ ಸಾಲಿನಲ್ಲಿ ಹತ್ತು ಜನ. ಎಲ್ಲರ ಚೀಲದ ಮೇಲೂ ಟೆಂಟ್ ಸುತ್ತಿಟ್ಟಿದ್ದು ಕಾಣುತ್ತಿದೆ. ವೋಚರ್ ಮತ್ತೆ ನೋಡಿದೆ. ಮೇಲೆ ದೊಡ್ಡದಾಗಿ ಏಜೆಂಟಿನ ಲೋಗೋ, ಹಟ್ ಹೆಸರು, ತಾರೀಖು. ಕೆಳಗೆ ಸಣ್ಣ ಅಕ್ಷರದಲ್ಲಿ ಬಿವುವಾಕ್, 2 ಜನ. ಹದಿನೈದೂ ವೋಚರ್ ಅಲ್ಲೇ ನಿಂತು ತಿರುಗಿಸಿದೆ. ಪಾರ್ಕಿನ ಹಟ್ ಇರುವ ಕಡೆಯೆಲ್ಲ ಬಿವುವಾಕ್. ಬಿವುವಾಕ್. ಬಿವುವಾಕ್.

ಬಾಡಿಗೆ ಟೆಂಟ್ ಎಲ್ಲ ಮುಗಿದಿತ್ತು. ಆ ಹೆಂಗಸು ಒಳ್ಳೆಯವರು, ಬಯ್ಯಲಿಲ್ಲ. ಯಾರಾದರೂ ಬರದಿದ್ದರೆ ಕೊಡ್ತೀನಿ, ಕಾಯಿರಿ ಅಂದರು. ಮೂರೂವರೆ ಗಂಟೆ ಒಂದು ಕಲ್ಲಿನ ಮೇಲೆ ಕೂತೆವು. ಎಂಟು ಗಂಟೆಗೆ ಒಂದು ಟೆಂಟ್ ಖಾಲಿ ಉಳಿಯಿತು. ಮತ್ತೆ ದುಡ್ಡು ಕೊಟ್ಟೆವು.

ಅಲ್ಲಿಂದ ಸ್ವಲ್ಪ ಮೇಲೆ ಹತ್ತಿದರೆ ಒಂದು ಕಡ್ಡಿ ಸಿಗ್ನಲ್. ನಾನು ಏಜೆಂಟಿಗೆ ಬರೆದೆ. ಅವನ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತಿದ್ದೇನೆ, ಓದಿ ನೋಡಿ.

‘ಮೇಡಂ, ಬಿವುವಾಕ್ ಅಂದ್ರೆ ಹಟ್ ಪ್ರಿಮೈಸಸ್‌ನಲ್ಲೇ ಸ್ಟೇ. ಹಟ್ ಸ್ಟೇ ಅಂತಾನೇ ಕನ್ಸಿಡರ್ ಆಗುತ್ತೆ.’

ಟೆಂಟ್ ಇಲ್ಲದೆ ಹೇಗೆ ಅಂದೆ.

‘ಎಕ್ಸ್‌ಪೀರಿಯನ್ಸ್ಡ್ ಟ್ರೆಕ್ಕರ್ಸ್ ಟೆಂಟ್ ಕ್ಯಾರಿ ಮಾಡ್ತಾರೆ ಅಂತ ಅಸ್ಯೂಮ್ ಮಾಡಿದ್ವಿ ಮೇಡಂ. ನೀವೇ ಎಕ್ಸ್‌ಪೀರಿಯನ್ಸ್ಡ್ ಅಂದಿದ್ರಿ.’

ಇದನ್ನು ಓದಿದಾಗ ಕೈ ನಡುಗಿತು. ಚಳಿಗಲ್ಲ. ಫೋನಿನಲ್ಲಿ ಮಾರುವಾಗ ಇದೇ ಮನುಷ್ಯ ‘ಎಕ್ಸ್‌ಪೀರಿಯನ್ಸ್ ಏನೂ ಬೇಡ, ಫಿಟ್ ಇದ್ರೆ ಸಾಕು’ ಅಂದಿದ್ದ. ಸುಟ್ಟುಹೋದ ಹಟ್ ಫೋಟೋ ಯಾಕೆ ಹಾಕಿದ್ದೀರಿ ಅಂತ ಕೇಳಿದೆ. ಅದಕ್ಕೆ ಬಂದ ಉತ್ತರ ಒಂದೇ ಸಾಲು: ‘ಐಟಿನರಿಯಲ್ಲಿ ಹಟ್ ಆರ್ ಸಿಮಿಲರ್ ಅಂತ ಮೆನ್ಷನ್ ಇದೆ.’

ಸಿಮಿಲರ್ ಅಂತೆ. ಕಲ್ಲಿನ ಮನೆಗೆ ಬರೀ ನೆಲ ಸಿಮಿಲರ್!

ಮಾರನೆಯ ದಿನ ಕರೋಝು ಹಟ್. ಆ ಹಂತ ನಿಜವಾಗಿ ಗಟ್ಟಿಯದು, ಅದರ ಬಗ್ಗೆ ಬೇರೆ ಬರೆಯಬೇಕು. ಈಗ ಬರೆಯೋಕೆ ಮನಸ್ಸಿಲ್ಲ, ಯಾಕೆಂದರೆ ಇಡೀ ದಿನ ನನ್ನ ತಲೆಯಲ್ಲಿ ಇದ್ದದ್ದು ರಾತ್ರಿ ಎಲ್ಲಿ ಮಲಗೋದು ಅನ್ನೋದೊಂದೇ. ಅಲ್ಲೂ ಹಾಸಿಗೆ ಪೂರ್ತಿ, ಟೆಂಟ್ ಪೂರ್ತಿ. ಬೇಡಿಕೊಂಡ ಮೇಲೆ ಹೊರಗಿನ ಜಗುಲಿಯ ಹಲಗೆ ಮೇಲೆ ಮಲಗಲು ಬಿಟ್ಟರು. ಹಾಸಿಗೆ ಇದೆ ಅಂತ ಮ್ಯಾಟ್ ಕೂಡ ತಂದಿರಲಿಲ್ಲ ನಾವು. ತೆಳು ಸ್ಲೀಪಿಂಗ್ ಬ್ಯಾಗ್, ಕೆಳಗೆ ಹಲಗೆ, ಹಲಗೆಯ ಸಂದಿಯಿಂದ ಗಾಳಿ. ತಮ್ಮ ಚೀಲ ಖಾಲಿ ಮಾಡಿ ನನ್ನ ಬೆನ್ನ ಕೆಳಗೆ ಹಾಸಿದ. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಲ್ಲಿ ಇನ್ನೊಂದು ಜೋಡಿ ಸಿಕ್ಕಿತು, ಅದೇ ಏಜೆಂಟ್, ಅದೇ ಲೋಗೋ. ಅವರಿಗೆ ‘ಮಾಡರೇಟ್ ಟ್ರೆಕ್’ ಅಂತ ಮಾರಿದ್ದಾನೆ. ಹುಡುಗಿ ಕಾಲಲ್ಲಿ ಓಡುವ ಶೂ. ಬೆಳಿಗ್ಗೆ ಸ್ಪಾಸಿಮಾಟಾ ತೂಗುಸೇತುವೆ ದಾಟಿದ ಮೇಲೆ ನುಣ್ಣಗಿನ ಇಳಿಜಾರು ಬಂಡೆ ಬರುತ್ತೆ, ಸರಪಳಿ ಹಿಡಿದು ಹೋಗಬೇಕು, ಒದ್ದೆ ಆದರೆ ಜಾರುತ್ತೆ. ಅಲ್ಲಿ ಆ ಹುಡುಗಿ ಕೂತು ಅತ್ತುಬಿಟ್ಟಳು. ತಮ್ಮ ಅವಳ ಚೀಲ ಹೊತ್ತ, ನಾನು ಮುಂದೆ ನಿಂತು ಕಾಲಿಡುವ ಜಾಗ ತೋರಿಸಿದೆ. ನನ್ನ ಸಿಟ್ಟು ನನ್ನ ದುಡ್ಡಿನದು. ಅವಳಿಗೆ ಜೀವದ ಪ್ರಶ್ನೆ ಆಗುತ್ತಿತ್ತು.

ಮೂರನೆಯ ಸಂಜೆ ಆಸ್ಕೋ ತಲುಪಿದೆವು. ಅಲ್ಲಿಗೆ ಡಾಂಬರು ರಸ್ತೆ ಬರುತ್ತೆ, ಹೋಟೆಲ್ ಇದೆ. ಮಾರನೆಯ ದಿನ ಮಧ್ಯಾಹ್ನಕ್ಕೆ ಗುಡುಗು ಮಳೆ ಅಂತ ಬೋರ್ಡಿನಲ್ಲಿ ಬರೆದಿದ್ದರು. ಮುಂದಿನ ಹಂತ ಸಲೀಸಿನದಲ್ಲ. 2015ರ ಜೂನ್‌ನಲ್ಲಿ ಕಲ್ಲು-ಮಣ್ಣು ಕುಸಿದು ಏಳು ಜನ ಸತ್ತ ಮೇಲೆ ಹಳೆಯ ಕಣಿವೆ ದಾರಿ ಬಿಟ್ಟು, ಈಗ ಮೊಂಟೆ ಚಿಂಟೋ ಶಿಖರದ ಹತ್ತಿರ 2,600 ಮೀಟರ್ ಎತ್ತರ ಹತ್ತಿ ಇಳಿಯಬೇಕು. ಮೇಲೆ ಸಿಡಿಲು, ಕೆಳಗೆ ಇಳಿದರೆ ಮಲಗೋಕೆ ಜಾಗ ಇದೆಯೋ ಇಲ್ಲವೋ. ಬೇಡ ಅಂದೆ. 16ರಲ್ಲಿ 3 ಹಂತ ಮುಗಿಸಿ ಟ್ಯಾಕ್ಸಿ ಹತ್ತಿದೆವು. ಆ ಜೋಡಿಯನ್ನೂ ಹತ್ತಿಸಿಕೊಂಡೆವು.

ಅದೇ ವರ್ಷ ಆಗಸ್ಟ್ 18ರಂದು ಕಾರ್ಸಿಕಾಗೆ ಬಿರುಗಾಳಿ ಬಡಿಯಿತು. ಗಂಟೆಗೆ 200 ಕಿ.ಮೀ. ಮೀರಿದ ಗಾಳಿ, ಮರ ಬಿದ್ದು ಕ್ಯಾಂಪಿಂಗ್ ಜಾಗಗಳಲ್ಲಿ ಜನ ಸತ್ತರು. ಸುದ್ದಿ ನೋಡುತ್ತಾ ಕೂತಾಗ ನನಗೆ ನೆನಪಾದದ್ದು ಅದೇ ‘ಹಟ್ ಆರ್ ಸಿಮಿಲರ್’.

ಇನ್ನು ರೀಫಂಡ್. ಕೇಳಿದ್ದಕ್ಕೆ ಬಂದದ್ದು ಇದು: ‘ನೀವೇ ವಾಲಂಟರಿಯಾಗಿ ಟ್ರೆಕ್ ಡಿಸ್‌ಕಂಟಿನ್ಯೂ ಮಾಡಿದ್ದೀರಿ. ಬುಕಿಂಗ್ ಎಲ್ಲ ವ್ಯಾಲಿಡ್ ಇತ್ತು.’ ವ್ಯಾಲಿಡ್ ಇತ್ತು, ನಿಜ. ಅದಕ್ಕೇ ದೂರು ಕೊಟ್ಟರೂ ನಿಲ್ಲುತ್ತೋ ಇಲ್ಲವೋ ಗೊತ್ತಿಲ್ಲ. ಸುಳ್ಳು ಬುಕಿಂಗ್ ಆಗಿದ್ದರೆ ಹಿಡಿಯಬಹುದಿತ್ತು. ಇದು ನಿಜವಾದ ಬುಕಿಂಗ್, ಸಿಗುವುದರಲ್ಲಿ ಅತಿ ಅಗ್ಗದ್ದು, ಹಾಸಿಗೆ ಬೆಲೆಗೆ ಮಾರಿದ್ದು. ನಾಲ್ಕು ಸಲ ಬರೆದ ಮೇಲೆ ‘ಗುಡ್‌ವಿಲ್ ಆಗಿ’ 60 ಯೂರೋ ಮುಂದಿನ ಟ್ರಿಪ್‌ಗೆ ಡಿಸ್ಕೌಂಟ್ ಅಂದ. ಮುಂದಿನ ಟ್ರಿಪ್ ಅಂತೆ!

ಹೋಗುವವರು ಹೋಗಿ, ದಾರಿ ಅದ್ಭುತವಾಗಿದೆ, ಆ ಮೂರು ದಿನದಲ್ಲೂ ಅದು ಗೊತ್ತಾಯಿತು. ಆದರೆ ಪಾರ್ಕಿನ ಸೈಟಿನಲ್ಲಿ ನೀವೇ ಬುಕ್ ಮಾಡಿ, ತಲೆನೋವು ಆದರೂ ಪರವಾಗಿಲ್ಲ. ಏಜೆಂಟ್ ಬೇಕೇ ಬೇಕು ಅಂದರೆ ಅವನ ಲೋಗೋ ಇರುವ ಕಾಗದ ಬೇಡ, ಪಾರ್ಕ್ ಕಳಿಸಿದ ಮೂಲ ಕನ್ಫರ್ಮೇಶನ್ ಕೇಳಿ, ಅದರಲ್ಲಿ ಹಾಸಿಗೆಯೋ ಟೆಂಟೋ ನೆಲವೋ ನೋಡಿ. ಕೊಡಲ್ಲ ಅಂದರೆ ಹಣ ಕೊಡಬೇಡಿ. ಆ ಮೂರು ಪದದ ಫ್ರೆಂಚ್ ಕಲಿತುಕೊಳ್ಳಿ, ಅಷ್ಟು ಸಾಕು. ‘ಆರ್ ಸಿಮಿಲರ್’ ಕಂಡರೆ ಓಡಿ.

ತಮ್ಮ ಇವತ್ತಿನವರೆಗೂ ‘ನಾನು ಆಗ್ಲೇ ಹೇಳಿದ್ದೆ’ ಅಂದಿಲ್ಲ. ವಾಪಸ್ ಬಂದ ತಿಂಗಳಿಗೆ ಒಂದು ಟೆಂಟ್ ಕೊಂಡು ತಂದ. ತೂಕದ ಚೀಟಿ ಕೀಳದೆ, ನನಗೆ ಕಾಣುವ ಹಾಗೆ, ನನ್ನ ರೂಮಿನ ಬಾಗಿಲಿಗೆ ನೇತುಹಾಕಿದ. 1.5 ಕೆಜಿ.