ಸ್ಪ್ರಿಂಗ್ ಕಂಪ್ರೆಸರ್ ರಿವ್ಯೂ: ಮನೆ ಅಂಗಳದಲ್ಲಿ ಆಲ್ಟೊದ ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸ್ಲಿಕ್ಕೆ ಇದು ಸಾಕಾ?

ಮೊದಲೇ ಹೇಳಿಬಿಡ್ತೇನೆ, ಸ್ಪ್ರಿಂಗನ್ನು ಕೊಕ್ಕೆಯಲ್ಲಿ ಹಿಡಿದು ಒತ್ತುವ ಈ ಟೂಲ್ ಗಟ್ಟಿ ಉಂಟು, ಕೆಲಸವೂ ಆಗ್ತದೆ, ಆದ್ರೆ ಆಲ್ಟೊದಂಥ ಸಣ್ಣ ಗಾಡಿಗೆ ಇದರ ಕೊಕ್ಕೆ ಸ್ವಲ್ಪ ದೊಡ್ಡದಾಯ್ತು. ನನ್ನ ಲೆಕ್ಕದಲ್ಲಿ 5ಕ್ಕೆ ಮೂರೂವರೆ. ಯಾಕೆ ಅಂತ ವಿವರವಾಗಿ ಬರೀತೇನೆ, ಯಾಕಂದ್ರೆ ಈ ಸಾಮಾನನ್ನು ಬರೀ ರೇಟು ನೋಡಿ ತಗೊಳ್ಳುವವರು ತುಂಬ ಜನ ಇದ್ದಾರೆ, ಇದು ಹಾಗೆ ತಗೊಳ್ಳುವ ಸಾಮಾನು ಅಲ್ಲ.

ನಮ್ಮದು ಕೆಎಲ್-14, ಅಂದ್ರೆ ಕಾಸರಗೋಡು ನಂಬ್ರದ ಹಳೇ ಆಲ್ಟೊ. ಬದಿಯಡ್ಕ, ಪೆರ್ಲ ಕಡೆ ಇರುವವರಿಗೆ ಗೊತ್ತುಂಟು, ಚೆರ್ಕಳ-ಕಲ್ಲಡ್ಕ ರಸ್ತೆ ಒಂದು ಕಡೆ, ಅಲ್ಲಿಂದ ತೋಟಕ್ಕೆ ಇಳಿಯುವ ಕಲ್ಲು ಎದ್ದ ದಾರಿ ಇನ್ನೊಂದು ಕಡೆ, ಸಣ್ಣ ಗಾಡಿಯ ಮುಂದಿನ ಶಾಕ್ ಎಷ್ಟು ದಿನ ಅಂತ ತಡೀತದೆ? ಗುಂಡಿಗೆ ಇಳಿದಾಗೆಲ್ಲ ಕಟಕಟ ಸದ್ದು, ಬಾನೆಟ್ ಮೇಲೆ ಕೈಯೂರಿ ಒತ್ತಿ ಬಿಟ್ಟರೆ ಒಮ್ಮೆ ಮೇಲೆ ಬಂದು ನಿಲ್ಲುವ ಬದಲು ಕುಣೀತಾನೇ ಇರ್ತದೆ, ಟೈರ್ ಅಲ್ಲಲ್ಲಿ ಗುಳಿ ಗುಳಿಯಾಗಿ ಸವೆದಿತ್ತು, ಎಡದ ಶಾಕಿನ ಮೈಯೆಲ್ಲ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಇಷ್ಟು ಲಕ್ಷಣ ಕಂಡ ಮೇಲೆ ಬೇರೆ ಪರೀಕ್ಷೆ ಎಂತದೂ ಬೇಡ, ಶಾಕ್ ಹೋಗಿದೆ. ಎಡದ್ದು ಮಾತ್ರ ಹೋದ್ರೂ ಎರಡೂ ಬದಲಿಸ್ಬೇಕು, ಇಲ್ಲದಿದ್ರೆ ಬ್ರೇಕ್ ಹಾಕಿದಾಗ ಗಾಡಿ ಎರಡು ಕಡೆಯಲ್ಲಿ ಎರಡು ಥರ ತಗ್ಗುತ್ತದೆ.

ಹೊಸ ಶಾಕ್, ಅದರ ಮೇಲಿನ ಮೌಂಟ್, ಬೇರಿಂಗ್, ರಬ್ಬರ್ ಸ್ಟಾಪರ್, ಧೂಳಿನ ಕವರ್ ಎಲ್ಲ ಕಾಸರಗೋಡು ಪೇಟೆಯಲ್ಲೇ ಸಿಕ್ಕಿತು. ಕಷ್ಟ ಇರುವುದು ಸ್ಪ್ರಿಂಗಿನಲ್ಲಿ. ಆಲ್ಟೊದ ಮುಂದೆ ಇರುವುದು ಸ್ಟ್ರಟ್, ಅಂದ್ರೆ ಶಾಕ್ ಒಳಗೆ, ಅದರ ಸುತ್ತ ಸ್ಪ್ರಿಂಗ್, ಎರಡೂ ಒಂದೇ ಕಟ್ಟು. ಗಾಡಿ ಎತ್ತಿ ಚಕ್ರ ನೇತಾಡ್ತಾ ಇದ್ರೂ ಸ್ಪ್ರಿಂಗ್ ಪೂರ್ತಿ ಸಡಿಲ ಆಗಿರುವುದಿಲ್ಲ, ಮೇಲಿನ ಸೆಂಟರ್ ನಟ್ ಒಂದೇ ಅದನ್ನು ಹಿಡಿದಿಟ್ಟಿರ್ತದೆ. ಒಂದು ಲೆಕ್ಕ ಹಾಕಿ ನೋಡಿ, ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ 20 ನ್ಯೂಟನ್ ಅಂತ ಇಟ್ಟುಕೊಂಡ್ರೆ 15 ಸೆಂಟಿಮೀಟರ್ ಒತ್ತುವಾಗ 3000 ನ್ಯೂಟನ್ ಆಯ್ತು, ಸುಮಾರು 300 ಕೆಜಿ, ಆರು ಮೂಟೆ ಸಿಮೆಂಟಿನ ಭಾರ ನಿಮ್ಮ ಎರಡು ಕೈ ನಡುವೆ ಕೂತ ಹಾಗೆ. ಅದು ತಪ್ಪಿಸಿಕೊಂಡು ಹಾರಿದ್ರೆ ಮೂಳೆ ಮುರೀತದೆ, ಮುಖಕ್ಕೆ ಬಿದ್ರೆ ಜೀವಕ್ಕೇ ಅಪಾಯ. ಕಂಪ್ರೆಸರ್ ಇಲ್ಲದೆ ಹಗ್ಗ ಕಟ್ಟಿ, ಬೈಂಡಿಂಗ್ ವಯರ್ ಸುತ್ತಿ ಸೆಂಟರ್ ನಟ್ ಬಿಚ್ಚುವ ವಿಡಿಯೋಗಳು ಉಂಟು, ದಯವಿಟ್ಟು ಅದನ್ನು ನೋಡಿ ಕಲೀಬೇಡಿ.

ಇನ್ನು ಟೂಲಿನ ವಿಷಯ. ನಾನು ಆನ್‌ಲೈನಲ್ಲಿ ತರಿಸಿದ್ದು ಎರಡು ಬಿಡಿ ಕಂಬಿಯ ಮಾಡೆಲ್, 370 ಮಿಲಿಮೀಟರ್ ಉದ್ದದ್ದು, ಒಂದೊಂದು ಕಂಬಿಯ ಮೇಲೂ ಕೆಳಗೂ ಜೋಡಿ ಕೊಕ್ಕೆ. ಮೇಲೆ ಯಾವ ಕಂಪನಿಯ ಹೆಸರೂ ಒತ್ತಿಲ್ಲ. ಕೊಕ್ಕೆ ತಗಡು ಮಡಚಿ ವೆಲ್ಡ್ ಮಾಡಿದ್ದಲ್ಲ, ಫೋರ್ಜ್ ಮಾಡಿದ್ದು, ಅಂದ್ರೆ ಕಾಯಿಸಿ ಬಡಿದು ಮಾಡಿದ್ದು, ಇದು ಬಹಳ ಮುಖ್ಯ. ಕೊಕ್ಕೆಯ ಬಾಯಿಗೆ ಅಡ್ಡ ಹಾಕ್ಲಿಕ್ಕೆ ಪಿನ್ ಉಂಟು, ಸ್ಪ್ರಿಂಗಿನ ಸುತ್ತು ಜಾರಿ ಹೊರಗೆ ಬಾರದ ಹಾಗೆ ತಡೆಯುವುದೇ ಆ ಪಿನ್. ಇದಕ್ಕಿಂತ ಕಡಿಮೆ ರೇಟಿನ ಕೆಲವದ್ರಲ್ಲಿ ಪಿನ್ ಇಲ್ಲ, ಅಂಥದ್ದನ್ನು ಪುಕ್ಕಟೆ ಕೊಟ್ರೂ ಬೇಡ. ಕಂಬಿಯ ಮರೆ (ಸ್ಕ್ರೂವಿನ ಥ್ರೆಡ್) ದಪ್ಪ, ಚಚ್ಚೌಕದ್ದು, ಬೇಗ ಸವೆಯುವ ಥರದ್ದಲ್ಲ, ಆದ್ರೆ ಡಬ್ಬದಿಂದ ತೆಗೆಯುವಾಗ ಒಣಗಿ ಹೋಗಿತ್ತು, ಹಾಗೇ ತಿರುಗಿಸಿದ್ರೆ ಭಾರ ಬಿದ್ದಾಗ ಮರೆ ಕಚ್ಚಿಕೊಳ್ತದೆ. ಒಳ್ಳೆ ಗ್ರೀಸ್ ಧಾರಾಳ ಹಚ್ಚಿ ಕೈಯಲ್ಲೇ ಒಮ್ಮೆ ಪೂರ್ತಿ ಓಡಿಸಿ ನೋಡಿ ಆಮೇಲೆ ಕೆಲಸಕ್ಕೆ ಹಾಕ್ಬೇಕು. ಜೊತೆಗೆ ಬಂದ ಚೀಟಿಯಲ್ಲಿ ಎರಡು ಚಿತ್ರ ಬಿಟ್ರೆ ಬೇರೆ ಎಂತದೂ ಇಲ್ಲ, ಇಷ್ಟು ಅಪಾಯದ ಸಾಮಾನಿಗೆ ಅದು ಸಾಲದು, ಅರ್ಧ ಮಾರ್ಕು ಅಲ್ಲೇ ಹೋಯ್ತು.

ಸ್ಟ್ರಟ್ ಬಿಚ್ಚುವ ಕೆಲಸ ಅಷ್ಟು ಕಷ್ಟದ್ದಲ್ಲ. ಸಿಮೆಂಟ್ ಹಾಕಿದ ಸಮತಟ್ಟು ಅಂಗಳ ಬೇಕು, ಅಡಿಕೆ ಒಣಗಿಸುವ ಅಂಗಳ ಇದ್ರೆ ಧಾರಾಳ ಆಯ್ತು. ಗಾಡಿ ಜೊತೆ ಬರುವ ಸ್ಕ್ರೂ ಜಾಕಿ ಟೈರ್ ಬದಲಿಸ್ಲಿಕ್ಕೆ ಮಾತ್ರ, ಅದರ ಭರವಸೆಯಲ್ಲಿ ಗಾಡಿಯ ಅಡಿಗೆ ಕೈ ಹಾಕ್ಬಾರ್ದು, ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ನಮ್ಮ ಊರಲ್ಲಿ ಸ್ಟ್ಯಾಂಡ್ ಬದಲು ಕೆಂಪುಕಲ್ಲು ಇಡುವ ಅಭ್ಯಾಸ ಉಂಟಲ್ಲ, ಅದು ಗೋಡೆಗೆ ಒಳ್ಳೇದು, ಗಾಡಿಗೆ ಅಲ್ಲ, ಒಂದೇ ಬಿಂದುವಿನಲ್ಲಿ ಭಾರ ಬಿದ್ದಾಗ ಹೇಳದೆ ಕೇಳದೆ ಒಡೀತದೆ. ನಕಲಿಗೆ (ಸ್ಟೀರಿಂಗ್ ನಕಲ್, ಚಕ್ರದ ಹಬ್ ಕೂರುವ ಲೋಹದ ತುಂಡು) ಸ್ಟ್ರಟ್ ಕೂರುವ ಬೋಲ್ಟುಗಳ ಜಾಗಕ್ಕೆ ಪೈಂಟಿನಲ್ಲಿ ಗುರುತು ಹಾಕಿ ಬಿಚ್ಚಿ. ಕುಂಬಳೆ, ಮಂಜೇಶ್ವರ ಹಾಗೆ ಕಡಲ ಬದಿಯಲ್ಲಿ ಇರುವ ಗಾಡಿಯಾದ್ರೆ ಉಪ್ಪುಗಾಳಿಗೆ ಈ ಬೋಲ್ಟುಗಳು ತುಕ್ಕು ಹಿಡಿದು ಅಲ್ಲಾಡುವುದೇ ಇಲ್ಲ, ಹಿಂದಿನ ದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಸ್ಟ್ರಟ್ ಬಂದ ಮೇಲೆ ನಕಲನ್ನು ವಯರ್ ಹಾಕಿ ಕಟ್ಟಿ ನಿಲ್ಲಿಸ್ಬೇಕು, ಅದು ಹೊರಗೆ ವಾಲಿದ್ರೆ ಬ್ರೇಕ್ ಹೋಸ್ ಎಳೀತದೆ, ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಒಳಗಿನ ಜಾಯಿಂಟಿನಿಂದ ಕಳಚಲೂಬಹುದು.

ಈಗ ಕೊಕ್ಕೆಯ ಸಮಸ್ಯೆ. ಎರಡು ಕಂಬಿಯನ್ನು ಸ್ಪ್ರಿಂಗಿನ ಎರಡು ಬದಿಗೆ ಸರಿಯಾಗಿ ಎದುರುಬದುರು ಹಾಕ್ಬೇಕು, ಆದಷ್ಟು ಹೆಚ್ಚು ಸುತ್ತು ಹಿಡಿಯುವ ಹಾಗೆ. ಆಲ್ಟೊದ ಸ್ಪ್ರಿಂಗ್ ಸಪೂರ, ಸುತ್ತಿಗೂ ಒಳಗಿನ ಶಾಕಿಗೂ ನಡುವೆ ಜಾಗ ಕಮ್ಮಿ, ಈ ಕೊಕ್ಕೆ ದಪ್ಪ ಇರುವುದರಿಂದ ಒಳಗೆ ಪೂರ್ತಿ ಕೂರುವುದಿಲ್ಲ, ತಿರುಗಿಸಿ ತಿರುಗಿಸಿ ಸರಿಯಾದ ಜಾಗ ಹುಡುಕ್ಬೇಕಾಗ್ತದೆ. ಕಂಬಿಯೂ ಉದ್ದ, ಬಿಗಿ ಮಾಡ್ತಾ ಹೋದ ಹಾಗೆ ಅದರ ತುದಿ ಸ್ಪ್ರಿಂಗ್ ಕೂರುವ ಮೇಲಿನ ಬಟ್ಟಲಿಗೆ ತಾಗ್ಲಿಕ್ಕೆ ಬರ್ತದೆ, ಹಾಗಾಗಿ ತುದಿ ಕೆಳಮುಖ ಇರುವ ಹಾಗೆ ಹಾಕುವುದೇ ಸರಿ. ಇಷ್ಟೆಲ್ಲ ನೋಡಿ ಪಿನ್ ಹಾಕಿದ ಮೇಲೆ ಹಿಡಿತ ಮಾತ್ರ ಭದ್ರ, ಒಂದು ನೂಲಿನಷ್ಟೂ ಜಾರಿಲ್ಲ, ಕಂಬಿ ಬಾಗಿಲ್ಲ. ದೊಡ್ಡ ಸ್ಪ್ರಿಂಗಿನ ಗಾಡಿಯವರಿಗೆ ಈ ತಾಪತ್ರಯ ಬಾರದು ಅಂತ ಕಾಣ್ತದೆ.

ಬಿಗಿ ಮಾಡುವುದು ಕೈಪಾನದಲ್ಲೇ (ಕೈಯ ಸ್ಪ್ಯಾನರ್), ಏಟು ಹೊಡೆದು ನಟ್ ತಿರುಗಿಸುವ ಇಂಪ್ಯಾಕ್ಟ್ ಗನ್ ಹಾಕ್ಲೇಬಾರ್ದು, ಅದರ ಏಟಿಗೆ ಮರೆ ಬಿಸಿಯಾಗಿ ಹಾಳಾಗ್ತದೆ, ಭಾರ ಎಷ್ಟು ಬಿತ್ತು ಅಂತ ಕೈಗೂ ಗೊತ್ತಾಗುವುದಿಲ್ಲ. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು, ಹೀಗೇ ಸಮ ಸಮ ಹೋಗ್ಬೇಕು, ಒಂದೇ ಕಡೆ ಎಳೆದ್ರೆ ಸ್ಪ್ರಿಂಗ್ ಬಿಲ್ಲಿನ ಥರ ಬಾಗಿ ಕೊಕ್ಕೆ ಸರೀತದೆ. ಸ್ಟ್ರಟ್ಟಿನ ಎರಡು ತುದಿಯೂ ನಿಮ್ಮ ಕಡೆಗೆ ಇರ್ಬಾರ್ದು, ಮೇಲಿನ ತುದಿ ಗೋಡೆ ಕಡೆ ಇರ್ಲಿ, ಮಕ್ಕಳು ಹತ್ತಿರ ಸುಳಿಯದ ಹಾಗೆ ನೋಡ್ಕೊಳ್ಳಿ. ಸ್ಪ್ರಿಂಗ್ ಬಟ್ಟಲಲ್ಲಿ ಸಡಿಲವಾಗಿ ಕೈಯಲ್ಲಿ ಅಲ್ಲಾಡಿದ ಕೂಡ್ಲೇ ನಿಲ್ಲಿಸಿ, ಅದಕ್ಕಿಂತ ಹೆಚ್ಚು ಒತ್ತುವ ಅಗತ್ಯ ಇಲ್ಲ. ಸೆಂಟರ್ ನಟ್ ಮುಟ್ಟುವುದು ಅದು ಅಲ್ಲಾಡಿದ ಮೇಲೆಯೇ, ಒಂದು ಕ್ಷಣ ಮೊದಲೂ ಅಲ್ಲ.

ಹೊಸ ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಒಳಗಿನ ಗಾಳಿ ತೆಗೆದು ಹಾಕಿ, ಸ್ಪ್ರಿಂಗಿನ ಕೊನೆ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ಕೂತಿದೆಯಾ ನೋಡಿ. ಮತ್ತೆ ಎಲ್ಲ ಬಿಚ್ಚಿದ್ದರ ಉಲ್ಟಾ. ಗುರುತು ಹಾಕಿದ್ರೂ ವೀಲ್ ಅಲೈನ್‌ಮೆಂಟ್ ಮಾಡಿಸ್ಲೇಬೇಕು.

ನಮ್ಮ ಕಡೆಯ ಒಬ್ಬ ಮೆಕ್ಯಾನಿಕ್ ಅಣ್ಣ ಹೇಳಿದ ಒಂದು ದಾರಿ ನನಗೆ ತುಂಬ ಸರಿ ಅನ್ನಿಸಿತು, "ಸ್ಟ್ರಟ್ ಮನೇಲಿ ಬಿಚ್ಚಿ ತನ್ನಿ, ಸ್ಪ್ರಿಂಗ್ ನಾನು ಪ್ರೆಸ್ಸಿನಲ್ಲಿ ಒತ್ತಿ ಶಾಕ್ ಬದಲಿಸಿ ಕೊಡ್ತೇನೆ, ನೀವೇ ತಗೊಂಡು ಹೋಗಿ ಹಾಕಿ" ಅಂತ. ಗೋಡೆಗೆ ಕೂರಿಸಿದ ಪ್ರೆಸ್ ಇರುವ ವರ್ಕ್‌ಶಾಪ್ ಹತ್ತಿರ ಇದ್ರೆ, ಈ ಟೂಲ್ ಒಂದೇ ಸಲದ ಕೆಲಸಕ್ಕೆ ಬೇಕಾದದ್ದಾದ್ರೆ, ತಗೊಳ್ಳುವುದೇ ಬೇಡ, ಹಾಗೇ ಮಾಡಿ, ಲೇಬರಿನ ದೊಡ್ಡ ಪಾಲು ಅಲ್ಲೂ ಉಳೀತದೆ. ಮನೆಯಲ್ಲಿ ಎರಡು ಮೂರು ಗಾಡಿ ಇದ್ದು, ಅಣ್ಣ ತಮ್ಮಂದಿರದ್ದೂ ನೀವೇ ನೋಡುವುದಾದ್ರೆ ತಗೊಳ್ಳಿ, ಹಣಕ್ಕೆ ಮೋಸ ಇಲ್ಲ.

ಆರ್ಡರ್ ಮಾಡುವ ಮೊದಲು ನಿಮ್ಮ ಗಾಡಿಯ ಚಕ್ರ ತೆಗೆದು ಸ್ಪ್ರಿಂಗಿನ ಸರಿಗೆಯ ದಪ್ಪ, ಸುತ್ತಿನ ಹೊರ ಅಳತೆ, ಶಾಕಿಗೂ ಸುತ್ತಿಗೂ ಇರುವ ಸಂದು ಅಳೆದು ಬರೆದಿಟ್ಟುಕೊಳ್ಳಿ, ಮಾರುವವರ ಹತ್ರ ಕೊಕ್ಕೆಯ ದಪ್ಪ ಎಷ್ಟು ಅಂತ ಕೇಳಿ, ಉತ್ತರ ಕೊಡದಿದ್ರೆ ಬೇರೆಯವರನ್ನು ನೋಡಿ. ಮತ್ತೆ ಹಿಂದಿನ ಶಾಕಿಗೆ ಮಾತ್ರ ಬೇಕಾದದ್ದಾದ್ರೆ, ಶಾಕ್ ಬೇರೆ ಸ್ಪ್ರಿಂಗ್ ಬೇರೆ ಇರುವ ಗಾಡಿಗಳಿಗೆ ಈ ಟೂಲ್ ಬೇಕಾಗುವುದೇ ಇಲ್ಲ, ಆಕ್ಸಲ್ ಅಡಿಗೆ ಜಾಕಿ ಕೊಟ್ಟು ಶಾಕಿನ ಬೋಲ್ಟ್ ಬಿಚ್ಚಿದ್ರೆ ಆಯ್ತು.