ಕುಡಿತ ಬಿಡಿಸಿದ ಮೇಲಿನ ಒಂದು ವರ್ಷದ ಫಾಲೋ ಅಪ್: ಕೌನ್ಸೆಲರ್‌ಗೆ ಪೂರ್ತಿ ಅಂಕ, ಕೌಂಟರ್‌ಗೆ ಸೊನ್ನೆ

ಇದು ನಮ್ಮ ಲಗ್ಗೆರೆಯಿಂದ ಒಂದೇ ಬಸ್ಸಿನಲ್ಲಿ ಹೋಗಬಹುದಾದ ಖಾಸಗಿ ಕೇಂದ್ರ. ಹೆಸರು ಹಾಕುವುದಿಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ. ಅಡ್ಮಿಟ್ ಮಾಡಿಕೊಂಡು ಕೊಡುವ ಚಿಕಿತ್ಸೆ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುತ್ತಿರುವುದು ಡಿಸ್ಚಾರ್ಜ್ ಆದ ಮೇಲಿನ ಪ್ಯಾಕೇಜ್ ಬಗ್ಗೆ. ಮನೆಗೆ ಬಂದವರು ಮತ್ತೆ ಕುಡಿದರಾ, ಕುಡಿದರೆ ಯಾವತ್ತು, ಎಷ್ಟು, ಇದನ್ನು ಒಂದು ವರ್ಷ ಲೆಕ್ಕ ಇಡುವುದು ಅವರ ಕೆಲಸ. ಅದಕ್ಕೆ ದುಡ್ಡು ಬೇರೆ.

ನಮ್ಮ ಯಜಮಾನರು ಟಾಟಾ ಏಸ್ ಓಡಿಸುತ್ತಾರೆ, ಜಾಸ್ತಿ ಪೀಣ್ಯದ ಲೋಡು.

ಮೊದಲು ಆ್ಯಪ್. ದಿನಾ ರಾತ್ರಿ ಒಂಬತ್ತಕ್ಕೆ ಟಿಂಗ್ ಅಂತ ಬರುತ್ತೆ, ಇವತ್ತು ಎಷ್ಟು ಪೆಗ್ ಅಂತ ಕೇಳುತ್ತೆ. ಆ ಹೊತ್ತಿಗೆ ಇವರು ಎಲ್ಲೋ ಗೋಡೌನ್ ಮುಂದೆ ಮಾಲು ಇಳಿಸುತ್ತಿರುತ್ತಾರೆ. ಭಾನುವಾರ ಕೂತು ಇಡೀ ವಾರಕ್ಕೆ ಸಾಲಾಗಿ ಸೊನ್ನೆ ಒತ್ತಿಬಿಡುವುದು. ಆ್ಯಪ್ ಖುಷಿಯಾಗಿ ಒಂದು ಕಪ್ ಬಹುಮಾನ ಕೊಡುತ್ತೆ! ಸುಮ್ನೆ ದಂಡ.

ಊದುವ ಮಿಷನ್ ಕೂಡ ಅಷ್ಟಕ್ಕಷ್ಟೇ. ನಮ್ಮ ದೇಹ ಗಂಟೆಗೆ ಹೆಚ್ಚುಕಡಿಮೆ 30 ಎಂಎಲ್ ವಿಸ್ಕಿಯಲ್ಲಿರುವಷ್ಟು ಆಲ್ಕೋಹಾಲ್ ಕರಗಿಸುತ್ತದಂತೆ. ಶನಿವಾರ ರಾತ್ರಿ ಕುಡಿದವನು ಸೋಮವಾರ ಬೆಳಿಗ್ಗೆ ಊದಿದರೆ ಏನು ಸಿಗುತ್ತೆ? ಮೂತ್ರದಲ್ಲಿ ನೋಡುವ ಇಟಿಜಿ ಅನ್ನುವ ಟೆಸ್ಟ್ ಒಂದೆರಡು ದಿನ ಹಿಂದಿನದನ್ನೂ ಹಿಡಿಯುತ್ತೆ. ಆದರೆ ಪ್ಯಾಕೇಜಲ್ಲಿ ಅದು ಇಲ್ಲ, ಬೇಕಾದರೆ ಹೊರಗೆ ಮಾಡಿಸಬೇಕು.

ಈ ಪ್ಯಾಕೇಜಿನ ಜೀವ ಇರುವುದು ಒಂದು ಎ4 ಹಾಳೆಯಲ್ಲಿ. ಮೂರು ತಿಂಗಳಿಗೊಮ್ಮೆ ಕೌನ್ಸೆಲರ್ ಮುಂದೆ ಕೂರಬೇಕು. ಆ ಹುಡುಗಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಮೂರು ತಿಂಗಳ ಕ್ಯಾಲೆಂಡರ್ ಮೇಜಿನ ಮೇಲೆ ಹರಡುತ್ತಾಳೆ. ಕುಡಿತದ ಮಾತೇ ಎತ್ತುವುದಿಲ್ಲ. ಮೊದಲು ಹಬ್ಬಗಳಿಗೆ ಸುತ್ತು ಹಾಕುತ್ತಾಳೆ. ಆಮೇಲೆ ಬಾಡಿಗೆ ದುಡ್ಡು ಕೈಗೆ ಬಂದ ದಿನಗಳು, ನಾದಿನಿ ಮನೆ ಗೃಹಪ್ರವೇಶ, ಗಾಡಿ ಗ್ಯಾರೇಜಲ್ಲಿ ನಿಂತ ದಿನ.

"ಅಣ್ಣ, ಆಯುಧ ಪೂಜೆ ದಿನ ಗಾಡಿಗೆ ಪೂಜೆ ಎಲ್ಲಿ ಮಾಡಿಸಿದ್ರಿ?"

"ಓನರ್ ಶೆಡ್ಡಲ್ಲೇ ಮೇಡಂ."

"ಊಟನೂ ಅಲ್ಲೇನಾ?"

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನನ್ನ ಕಡೆ ಒಂದು ಸಲ ನೋಡಿ, "ಊಟ ಆದ್ಮೇಲೆ ಎರಡು ಟೆಟ್ರಾ ಪ್ಯಾಕ್," ಅಂದರು. ಅವಳು ಆ ಚೌಕದಲ್ಲಿ 6 ಅಂತ ಬರೆದಳು. "ಎರಡು ಅಂದಿದ್ದು ಮೇಡಂ!" ಅಂತ ಇವರ ತಕರಾರು. 30 ಎಂಎಲ್ ವಿಸ್ಕಿಗೆ ಒಂದು ಲೆಕ್ಕ, ಒಂದು ಪ್ಯಾಕ್ 90 ಎಂಎಲ್, ಹಾಗಾಗಿ ಮೂರು ಮೂರು ಆರು ಅಂತ ಅವಳು ಪೆನ್ನಲ್ಲೇ ತೋರಿಸಿದಳು. ಹಾಗಾದರೆ ಹಿಂದೆ ದಿನಾ ಒಂದು ಕ್ವಾರ್ಟರ್ ಅಂದರೆ ದಿನಕ್ಕೆ ಆರು. ಇವರ ಮುಖ ನೋಡಬೇಕಿತ್ತು. ಗಾಂಧಿ ಜಯಂತಿ ಚೌಕ ಬಂದಾಗ, "ಅವತ್ತು ಅಂಗಡಿ ಇರಲ್ಲ, ಹಿಂದಿನ ದಿನ ತಗೊಂಡು ಇಟ್ಟಿದ್ರಾ?" ಅಂತ ಕೇಳಿದಳು. ಇಷ್ಟು ಚುರುಕಾಗಿ ನಮ್ಮ ಅತ್ತೆ ಕೂಡ ಕೇಳಿಲ್ಲ. ಇಟ್ಟಿರಲಿಲ್ಲವಂತೆ. ನಾನು ನಂಬಿದೆ.

ಈ ಕ್ರಮಕ್ಕೆ ಟೈಮ್‌ಲೈನ್ ಫಾಲೋಬ್ಯಾಕ್ ಅಂತಾರಂತೆ. ಸೋಬೆಲ್ ಅನ್ನುವ ಮನಶ್ಶಾಸ್ತ್ರಜ್ಞ ದಂಪತಿ ಇದನ್ನು ರೂಪಿಸಿದವರು. ಹೇಳಿದ್ದಕ್ಕೆ ಬೈಗುಳ ಇಲ್ಲ, ಅದಕ್ಕೇ ಬಾಯಿ ಬಿಡುತ್ತಾರೆ. ನನಗೂ ಮೊದಲೇ ಕರಾರು ಹಾಕಿದ್ದಳು: "ಅಕ್ಕ, ಇಲ್ಲಿ ಕೇಳಿದ್ದನ್ನ ಮನೆಗೆ ಹೋಗಿ ಜಗಳಕ್ಕೆ ತರಬೇಡಿ." ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಹೆಂಗಸರಿಗೆ ಗೊತ್ತು. ಆದರೆ ಆ ಹಾಳೆ ನೋಡಿದ ಮೇಲೆ, ಓನರ್ ಶೆಡ್ಡಿನ ಪಾರ್ಟಿಗಳೇ ಇವರ ಗಂಡಾಂತರ ಅಂತ ಎಲ್ಲರಿಗೂ ಕಾಣಿಸಿತು. ಹಾಗೆ ಕಂಡಿದ್ದಕ್ಕೆ ಈಗ ಅಂಥ ದಿನ ಮಧ್ಯಾಹ್ನದ ಊಟಕ್ಕೆ ನಾನೇ ಫೋನ್ ಮಾಡಿ ಕರೆಸಿಕೊಳ್ಳುತ್ತೇನೆ.

ಇನ್ನು ಕೌಂಟರ್. ಎರಡನೇ ಸಲದ ರಕ್ತ ಪರೀಕ್ಷೆಯಲ್ಲಿ ಜಿಜಿಟಿ ಅನ್ನುವ ಲಿವರಿನ ಅಂಕಿ ಜಾಸ್ತಿ ಅಂತ ಕೆಂಪಕ್ಷರದಲ್ಲಿ ಬಂತು. ರಿಪೋರ್ಟ್ ಕೊಡುವ ಹೆಂಗಸು ಹತ್ತು ಜನರ ಮುಂದೆ, "ಓ, ಮತ್ತೆ ಶುರು ಮಾಡ್ಕೊಂಡಿದ್ದಾರೆ," ಅಂದಳು. ಇವರು ಅಲ್ಲಿಂದ ಎದ್ದು ಸೀದಾ ಹೊರಗೆ ಹೋದರು. ಡಾಕ್ಟರ್ ನೋಡಿ ಹೇಳಿದ್ದೇ ಬೇರೆ. ಕುಡಿಯುವುದು ನಿಲ್ಲಿಸಿದರೆ ಆ ಅಂಕಿ ಕೆಲವು ವಾರಗಳಲ್ಲಿ ಇಳಿಯುವುದು ನಿಜ. ಆದರೆ ಲಿವರಲ್ಲಿ ಕೊಬ್ಬು ತುಂಬಿದ್ದರೂ ಏರುತ್ತೆ, ಕೆಲವು ಫಿಟ್ಸ್ ಮಾತ್ರೆಗಳಿಂದಲೂ ಏರುತ್ತೆ. ಇವರಿಗೆ ಸ್ಕ್ಯಾನಲ್ಲಿ ಫ್ಯಾಟಿ ಲಿವರ್ ಮೊದಲೇ ಬಂದಿತ್ತು. ಅದೊಂದೇ ಅಂಕಿ ಹಿಡಿದು ಕುಡಿದಿದ್ದಾರೆ ಅಂತ ತೀರ್ಪು ಕೊಡುವ ಹಾಗಿಲ್ಲ. ಅದೂ ಬಿಲ್ ಹಾಕುವವರು! 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದ ತೊಂದರೆಗಳೂ ಸೇರಿವೆ, ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅಂತ ಅದರಲ್ಲೇ ಇದೆ. ಇದನ್ನೇ ದೂರಿನ ಪುಸ್ತಕದಲ್ಲಿ ಬರೆದೆ. ಈಗ ರಿಪೋರ್ಟನ್ನು ಲಕೋಟೆಗೆ ಹಾಕಿ ಕೊಡುತ್ತಾರೆ. ಸಾರಿ ಅಂತ ಮಾತ್ರ ಯಾರೂ ಹೇಳಲಿಲ್ಲ.

ಅತ್ತೆ ದಿನಾ ಕೇಳುವುದು ಒಂದೇ: "ಬಿಟ್ಟನೋ ಇಲ್ವೋ?" ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳಲಿಕ್ಕೆ ಬರುವುದಿಲ್ಲ. ಮೊದಲು ತಿಂಗಳ ಅಷ್ಟೂ ಚೌಕ ತುಂಬುತ್ತಿತ್ತು. ಈಗಿನ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು. ನನಗೆ ಅದು ದೊಡ್ಡ ವ್ಯತ್ಯಾಸ.

ದುಡ್ಡಿನ ತಾಪತ್ರಯ ಇರುವವರು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೇ ಹೋಗಿ. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗ ಇದೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಐದಕ್ಕೆ ಮೂರು ಸ್ಟಾರ್, ಮೂರೂ ಆ ಹುಡುಗಿಗೆ. ಮುಂದಿನ ವರ್ಷಕ್ಕೆ ಆ್ಯಪ್, ಮಿಷನ್ ಎಲ್ಲ ತೆಗೆದು ಕೌನ್ಸೆಲಿಂಗ್ ಒಂದಕ್ಕೇ ರೇಟ್ ಎಷ್ಟು ಅಂತ ಕೇಳಿದ್ದೇನೆ. ಮ್ಯಾನೇಜರ್ ಹತ್ತಿರ ಮಾತಾಡಿ ಹೇಳುತ್ತಾರಂತೆ.